ನಾಲ್ಕನೇ ಗುಂಡಿ

ಕಾಗದ ಓದಿ ಹೇಳಲು ಸಂಸ್ಥೆಯವರು ಸೊಸೆಯನ್ನೇ ಕರೆಸಿದ್ದರು. ಅತ್ತೆ ಗುಂಡಿಯಮ್ಮನಿಗೆ ಅಕ್ಷರ ಬಾರದು. ಹಾಜರಿ ಬರೆಯುವ ಮೇಷ್ಟ್ರು ಓದಿದರೆ ನಂಬುತ್ತಾಳೋ ಇಲ್ಲವೋ, ಮನೆಯವಳೇ ಓದಿದರೆ ನಾಳೆ ತಕರಾರು ಇರುವುದಿಲ್ಲ ಎಂದು ಯೋಚಿಸಿದ್ದರು. ಓದಿದವರ ಬುದ್ಧಿ ಇಂಥದ್ದಕ್ಕೆ ಬಹಳ ಚುರುಕು.

ಗುಂಡಿಯಮ್ಮ ಬಾಗಿಲ ಹತ್ತಿರವೇ ನಿಂತಿದ್ದಳು. ಈ ಸಂಸ್ಥೆಯಲ್ಲಿ ಹತ್ತು ವರ್ಷ ದುಡಿದಿದ್ದಾಳೆ. ಆಫೀಸಿನ ಒಳಗೆ ಕಾಲಿಟ್ಟದ್ದು ಇದು ಎರಡನೇ ಸಲ. ಮೊದಲ ಸಲ ಬಂದದ್ದು ಆಫೀಸಿನ ಕಕ್ಕಸು ಕಟ್ಟಿಕೊಂಡಾಗ. ಇವತ್ತು ಅವಳಿಗೆಂದು ಕುರ್ಚಿ ಹಾಕಿದ್ದರು. ಕುರ್ಚಿಯ ಮೇಲೆ ಹಳೇ ಪೇಪರ್ ಹಾಸಿದ್ದರು. ಪೇಪರ್ ನೋಡಿ ಅವಳು ಕೂರಲಿಲ್ಲ.

"ಓದಮ್ಮ," ಅಂದರು ಸಂಸ್ಥೆ ನಡೆಸುವ ದೊಡ್ಡಕ್ಕ.

ಸೊಸೆ ಓದಿದಳು. "ನಾಲ್ಕನೇ ಗುಂಡಿಯ ಗೊಬ್ಬರ ಮಾಗುವ ಮೊದಲೇ, ನಾನು ಯಾರನ್ನೂ ಕೇಳದೆ, ನನ್ನ ಅಜಾಗರೂಕತೆಯಿಂದ ಬಿಳಿ ಬಟ್ಟೆ ಕಟ್ಟಿರುತ್ತೇನೆ. ಈ ವಿಷಯ ಸಂಸ್ಥೆಯ ಗಮನಕ್ಕೆ ಬಂದಿರಲಿಲ್ಲ. ಇದರಿಂದ ಆದ ತೊಂದರೆಗೆ ನಾನೇ..." ಅಲ್ಲಿಗೆ ಬರುವಾಗ ಅವಳ ದನಿ ಇಳಿದುಹೋಯಿತು. ಉಳಿದದ್ದನ್ನು ತನಗೆ ತಾನೇ ಓದಿಕೊಂಡು ಕಾಗದವನ್ನು ಮೇಜಿನ ಮೇಲಿಟ್ಟಳು.

ಮೇಷ್ಟ್ರು ಹೆಬ್ಬೆಟ್ಟಿನ ಮಸಿ ಡಬ್ಬಿಯ ಮುಚ್ಚಳ ತೆಗೆದು ಹತ್ತಿರಕ್ಕೆ ಸರಿಸಿದರು.

ಆ ತೊಂದರೆ ಎಂದರೆ ಏನು ಎಂದು ಕಾಗದದಲ್ಲಿ ಇರಲಿಲ್ಲ. ಹೇಳುತ್ತೇನೆ. ಹತ್ತೊಂಬತ್ತು ಮಕ್ಕಳು ಆಸ್ಪತ್ರೆಯಲ್ಲಿ ರಕ್ತಭೇದಿ ಆಗಿ ಮಲಗಿದ್ದವು. ಎಲ್ಲವೂ ಆರು ವರ್ಷದೊಳಗಿನವು. ಎಲ್ಲವೂ ತೋಟದ ಹಿಂದಿನ ಓಣಿಯ ಶಿಶುಶಾಲೆಯವು. ಅವುಗಳಲ್ಲಿ, ಅದೇ ಓಣಿಯಲ್ಲಿ ಬಟ್ಟೆ ಹೊಲಿಯುವ ಟೈಲರಮ್ಮನ ಮಗಳಿಗೆ ನಿನ್ನೆಯಿಂದ ಮೂತ್ರವೂ ನಿಂತಿತ್ತು.

ತೋಟ ದೊಡ್ಡದೇನಲ್ಲ. ಊರಿನ ಕಸ ಸುರಿಯುತ್ತಿದ್ದ ಜಾಗವನ್ನು ದೊಡ್ಡಕ್ಕ ಹೇಗೋ ಗಿಟ್ಟಿಸಿಕೊಂಡು, ಬೇಲಿ ಹಾಕಿ, ತರಕಾರಿ ಬೆಳೆಸುವ ಸಂಸ್ಥೆ ಮಾಡಿದ್ದರು. ನಲವತ್ತು ಹೆಂಗಸರಿಗೆ ಕೆಲಸ. ಇಲ್ಲಿ ಯಾರನ್ನೂ ಆಳು ಅನ್ನುವ ಹಾಗಿಲ್ಲ, ಕೂಲಿ ಅನ್ನುವ ಹಾಗಿಲ್ಲ. ಎಲ್ಲರೂ ಸಂಗಾತಿಗಳು. ದೊಡ್ಡಕ್ಕನಿಗೆ ಗುಂಡಿಯಮ್ಮನಿಗಿಂತ ಹದಿನೈದು ವರ್ಷ ಕಡಿಮೆ. ಆದರೂ ಅವರು ದೊಡ್ಡಕ್ಕ. ಹಾಗೆ ಕರೆಯಿರಿ ಎಂದು ಅವರೇ ಹೇಳಿಕೊಟ್ಟದ್ದು. ನೋಡಲು ಜನ ಬಂದ ದಿನ ಅವರು ಗುಂಡಿಯಮ್ಮನನ್ನು 'ನೀವು' ಅನ್ನುತ್ತಿದ್ದರು. ಜನ ಹೋದ ಮೇಲೆ 'ನೀನು'.

ಸಂಗಾತಿಗಳಲ್ಲೂ ಒಳಗಿನವರು, ಹೊರಗಿನವರು ಎಂದಿತ್ತು. ಗುಂಡಿ ಕೆಲಸ ಮಾಡುವವಳು ಹಿಂದಿನ ಗೇಟಿನಿಂದ ಬರಬೇಕು. ಹಿಂದಿನ ನಲ್ಲಿಯಲ್ಲೇ ನೀರು ಕುಡಿಯಬೇಕು. ತರಕಾರಿ ತೊಳೆದು ಡಬ್ಬಕ್ಕೆ ತುಂಬುವ ಕೋಣೆಯ ಹೊಸ್ತಿಲು ದಾಟಬಾರದು. ಇದಕ್ಕೆಲ್ಲ ಶುಚಿತ್ವದ ನಿಯಮ ಎಂದು ಹೆಸರಿಟ್ಟು ಗೋಡೆಗೆ ಅಂಟಿಸಿದ್ದರು. ನಿಯಮ ಎಂದ ಮೇಲೆ ಬೇಜಾರು ಮಾಡಿಕೊಳ್ಳುವ ಹಾಗೂ ಇಲ್ಲ ನೋಡಿ. ಹಿಂದೆ ಇದನ್ನೇ ಬೈದು ಹೇಳುತ್ತಿದ್ದರು, ಈಗ ನಗುತ್ತಾ ಹೇಳುತ್ತಾರೆ.

ಗುಂಡಿ ಕೆಲಸ ಏನೆಂದರೆ ಹೇಲಿನ ಕೆಲಸ. ತೋಟದಲ್ಲಿ ಎಂಟು, ಓಣಿಯಲ್ಲಿ ಇಪ್ಪತ್ತು, ನೀರಿಲ್ಲದ ಕಕ್ಕಸುಗಳು. ಕೆಳಗೆ ಡ್ರಮ್ಮು. ಡ್ರಮ್ಮು ತುಂಬಿದ ಮೇಲೆ ಗುಂಡಿಯಮ್ಮ ಅದನ್ನು ಕೈಗಾಡಿಯ ಮೇಲೆ ತಳ್ಳಿಕೊಂಡು ಬಂದು ಗುಂಡಿಗೆ ಸುರಿಯುತ್ತಾಳೆ. ಮೇಲೆ ಒಣ ಎಲೆ, ಬೂದಿ, ಮರದ ಹೊಟ್ಟು. ಮತ್ತೆ ಒಂದು ಸುತ್ತು ಡ್ರಮ್ಮು, ಮತ್ತೆ ಎಲೆ, ಬೂದಿ. ಗುಂಡಿ ತುಂಬಿದ ದಿನ ಮಣ್ಣು ಮುಚ್ಚಿ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟುತ್ತಾಳೆ. ಒಂದು ವರ್ಷ ಯಾರೂ ಮುಟ್ಟುವಂತಿಲ್ಲ. ವರ್ಷ ಕಳೆದ ಮೇಲೆ ಅವಳು ಕೈಯನ್ನು ಮೊಣಕೈವರೆಗೆ ಒಳಗೆ ತೂರಿಸುತ್ತಾಳೆ. ಬೆಚ್ಚಗಿದ್ದರೆ ಇನ್ನೂ ಬೇಯುತ್ತಿದೆ ಎಂದು ಅರ್ಥ. ತಣ್ಣಗೆ ಪುಡಿಪುಡಿಯಾಗಿ ಬೆರಳ ಸಂದಿಯಿಂದ ಉದುರಿದರೆ ಆಯಿತು. ಆಗ ಕೆಂಪು ಬಿಚ್ಚಿ ಬಿಳಿ ಕಟ್ಟುತ್ತಾಳೆ. ಬಟ್ಟೆ ಚೂರುಗಳು ಟೈಲರಮ್ಮನ ಅಂಗಡಿಯವು. ಬಿಳಿ ಬಟ್ಟೆ ಕಂಡರೆ ಪಾತಿಯ ಹೆಂಗಸರು ಯಾರನ್ನೂ ಕೇಳುವುದಿಲ್ಲ. ಬಂದು ಗೊಬ್ಬರ ಅಗೆದುಕೊಂಡು ಹೋಗುತ್ತಾರೆ. ಸಹಿ ಹಾಕಲು ಬಾರದವಳಿಗೆ ಅದೇ ಸಹಿ.

ಈ ಕೆಲಸಕ್ಕೆ ಮೊದಲು ಅವಳು ತಲೆಯ ಮೇಲೆ ಹೇಲಿನ ಬುಟ್ಟಿ ಹೊತ್ತವಳು. ಅವಳ ಅತ್ತೆಯೂ ಹೊತ್ತವಳು. ಮಳೆಯಲ್ಲಿ ಬುಟ್ಟಿಯಿಂದ ಸೋರಿ ಕಿವಿಯ ಹಿಂದೆ ಇಳಿದದ್ದು, ಕುತ್ತಿಗೆಯಿಂದ ರವಿಕೆಯೊಳಗೆ ಹೋದದ್ದು ಅವಳ ಮೈಗೆ ಇವತ್ತಿಗೂ ನೆನಪಿದೆ. ದೊಡ್ಡಕ್ಕ ಬಂದು, ಇನ್ನು ಬುಟ್ಟಿ ಬೇಡ, ಗಾಡಿ ಕೊಡುತ್ತೇವೆ, ಬೂಟು ಕೊಡುತ್ತೇವೆ, ಮರ್ಯಾದೆಯ ಕೆಲಸ ಎಂದಾಗ ಅವಳು ಅತ್ತಿದ್ದಳು. ಸುಳ್ಳು ಯಾಕೆ ಹೇಳಲಿ, ಖುಷಿಗೆ ಅತ್ತಿದ್ದಳು. ಬೂಟು ಬಂತು. ಕೈಗವಸು ವರ್ಷಕ್ಕೊಂದು ಜೊತೆ ಬಂತು, ಎರಡನೇ ವಾರಕ್ಕೆ ಹರಿಯಿತು. ತಲೆಯ ಮೇಲಿದ್ದದ್ದು ಗಾಡಿಯ ಮೇಲೆ ಬಂತು. ಅಷ್ಟೇ. ಆದರೂ ಆ ಕೊಳಕನ್ನು ಕಪ್ಪು ಮಣ್ಣು ಮಾಡುವುದು ಅವಳಿಗೆ ಒಲಿದಿತ್ತು. ಅಂಗೈಯಲ್ಲಿ ಹಿಡಿದು ಮೂಸಿದರೆ ಬರೀ ಮಣ್ಣಿನ ವಾಸನೆ. ಅದು ಅವಳ ವಿದ್ಯೆ. ಅದರ ಬಗ್ಗೆ ಅವಳಿಗೆ ಗರ್ವ ಇತ್ತು.

ನಲವತ್ತು ದಿನದ ಹಿಂದೆ ದೊಡ್ಡಕ್ಕ ಗುಂಡಿಯ ಹತ್ತಿರ ಬಂದಿದ್ದರು. ಅವರು ಮೂಗು ಮುಚ್ಚುವವರಲ್ಲ. ಉಸಿರು ಕಟ್ಟಿ ಮಾತಾಡುವವರು. ಅದಕ್ಕೇ ಅಲ್ಲಿ ಅವರ ಮಾತು ಚಿಕ್ಕದು.

"ಇದನ್ನ ತೆಗೀಬಹುದಲ್ಲ?"

"ಇಲ್ಲ ಅಕ್ಕಾವ್ರೇ. ಇದು ನಾಲ್ಕನೇದು. ಮುಚ್ಚಿ ನಾಲ್ಕೇ ತಿಂಗಳಾಯ್ತು. ಹನ್ನೆರಡು ಆಗ್ಬೇಕು."

"ಪುಡಿ ಹಾಕಿದ್ದೀವಲ್ಲ. ಬೇಗ ಮಾಗುತ್ತೆ ಅಂತ ಡಬ್ಬದ ಮೇಲೇ ಬರೆದಿದೆ."

"ಡಬ್ಬಕ್ಕೇನು ಗೊತ್ತು. ಒಳಗೆ ಇನ್ನೂ ಬಿಸಿ ಇದೆ. ಬೇಕಾದ್ರೆ ಕೈ ಹಾಕಿ ನೋಡಿ."

ದೊಡ್ಡಕ್ಕ ಕೈ ಹಾಕಲಿಲ್ಲ. ನಾಲ್ಕು ಹೆಜ್ಜೆ ದೂರ ಹೋಗಿ ಉಸಿರು ತೆಗೆದುಕೊಂಡು ವಾಪಸ್ ಬಂದರು. "ಮುಂದಿನ ತಿಂಗಳು ದುಡ್ಡು ಕೊಡೋ ದೊಡ್ಡ ಜನ ಬರ್ತಾರೆ. ಎದುರಿನ ಪಾತಿ ಬೋಳಾಗಿದೆ. ಮಾಗಿದ ಗೊಬ್ಬರ ಒಂದು ಬುಟ್ಟಿ ಇಲ್ಲ. ಅವರಿಗೆ ಬೋಳು ನೆಲ ತೋರಿಸ್ಲಾ?"

"ಎದುರಿನ ಪಾತಿಗೆ ಬೇಡ. ಹೂವಿನ ಗಿಡಕ್ಕೆ ಬೇಕಾದ್ರೆ ಹಾಕಿ. ತಿನ್ನೋದಕ್ಕೆ ಬೇಡ."

ದೊಡ್ಡಕ್ಕ ಮತ್ತೆ ನಾಲ್ಕು ಹೆಜ್ಜೆ ಹೋಗಿ ಉಸಿರು ತೆಗೆದುಕೊಂಡು ಬಂದರು. ಆಮೇಲೆ ಬೇರೆ ಯಾವುದೋ ಮಾತು ನೆನಪಾದವರ ಹಾಗೆ ಹೇಳಿದರು. "ನಿನ್ನ ಸೊಸೆ ವಿಷಯ ಯೋಚನೆ ಮಾಡ್ತಿದ್ದೀನಿ. ಪ್ಯಾಕಿಂಗ್ ಕೋಣೇಲಿ ಒಂದು ಜಾಗ ಖಾಲಿ ಇದೆ."

ಗುಂಡಿಯಮ್ಮನಿಗೆ ಅರ್ಥವಾಯಿತು. ಯಾರಿಗೆ ತಾನೇ ಅರ್ಥವಾಗದು? ಮಗ ಇನ್ನೊಬ್ಬಳ ಹಿಂದೆ ಹೋಗಿ ಮೂರು ವರ್ಷ. ಸೊಸೆ ಮಾತ್ರ ಹೋಗಲಿಲ್ಲ. ತವರಿಗೂ ಹೋಗದೆ ಅತ್ತೆಯ ಜೊತೆ ಉಳಿದಳು. ಎಂಟನೇ ಕ್ಲಾಸು ಓದಿದವಳು. ಅವಳ ಕೈಗೂ ಡ್ರಮ್ಮು ಬರಬಾರದು ಎಂಬುದೊಂದೇ ಗುಂಡಿಯಮ್ಮನ ಆಸೆ. ಮಾರನೇ ದಿನ ಬೆಳಿಗ್ಗೆ ಕೆಂಪು ಬಿಚ್ಚಿದಳು. ಬಿಳಿ ಕಟ್ಟಿದಳು. ಗಂಟು ಬಿಗಿಯಾಗಿಯೇ ಹಾಕಿದಳು. ಸೋಮವಾರ ಸೊಸೆ ತಲೆಗೆ ಬಿಳಿ ಟೋಪಿ ಹಾಕಿಕೊಂಡು ಒಳಗಿನ ಕೆಲಸಕ್ಕೆ ಸೇರಿದಳು.

ಆ ಗೊಬ್ಬರದಲ್ಲಿ ಮೂಲಂಗಿ ಬೆಳೆದರು. ಬೇಗ ಬರುತ್ತದೆ ಎಂದು ಮೂಲಂಗಿ. ಎಲೆ ಅಂಗೈ ಅಗಲ ಬಂದವು. ದೊಡ್ಡ ಜನ ಬಂದ ದಿನ 'ಮಣ್ಣಿನಿಂದ ಬಾಯಿಗೆ' ಎಂಬ ಕಾರ್ಯಕ್ರಮ. ಶಿಶುಶಾಲೆಯ ಮಕ್ಕಳು ಸಾಲಾಗಿ ಬಂದು, ಒಂದೊಂದು ಮೂಲಂಗಿ ಕಿತ್ತು, ಬಕೆಟ್ಟಿನಲ್ಲಿ ಅದ್ದಿ, ಹಸಿಯಾಗಿ ಕಚ್ಚಬೇಕು. ಫೋಟೋ ಹಿಡಿಯುತ್ತಾರೆ. ಹತ್ತೊಂಬತ್ತು ಮಕ್ಕಳಿಗೆ ಒಂದೇ ಬಕೆಟ್ಟು. ಮೂರನೇ ಮಗುವಿಗೇ ನೀರು ಚಹಾದ ಬಣ್ಣಕ್ಕೆ ಬಂದಿತ್ತು.

ಗುಂಡಿಯಮ್ಮನಿಗೆ ಅವತ್ತು ಸಲಕರಣೆ ಶೆಡ್ಡಿನಿಂದ ಹೊರಗೆ ಬರಬೇಡ ಎಂದಿದ್ದರು. ಅವಳು ತಗಡಿನ ಸಂದಿಯಿಂದ ನೋಡಿದಳು. ಟೈಲರಮ್ಮನ ಮಗಳು ಎಲ್ಲರಿಗಿಂತ ದಪ್ಪದ್ದನ್ನು ಹಿಡಿದಿತ್ತು. ಎರಡು ಕೈಯಲ್ಲಿ ಜಗ್ಗಿತು. ಬರಲಿಲ್ಲ. ಕಾಲು ಊರಿ ಮತ್ತೆ ಜಗ್ಗಿತು. ಮೂಲಂಗಿ ಬಂದ ರಭಸಕ್ಕೆ ಹಿಂದಕ್ಕೆ ಕುಕ್ಕರಿಸಿ ಬಿದ್ದಿತು. ಎಲ್ಲರೂ ನಕ್ಕರು. ಮಗುವೂ ನಕ್ಕಿತು. ಮುಂದಿನ ಹಲ್ಲು ಎರಡೂ ಇರಲಿಲ್ಲ, ಪಕ್ಕದ ಹಲ್ಲಿನಲ್ಲಿ ಕಚ್ಚಿತು.

ಕೂಗಬಹುದಿತ್ತು. ಶೆಡ್ಡಿನಿಂದ ಪಾತಿಗೆ ಮೂವತ್ತು ಹೆಜ್ಜೆ. ಬೇಡ, ತಿನ್ನಬೇಡಿ ಎಂದು ಒಂದು ಕೂಗು ಸಾಕಿತ್ತು. ಅವಳು ಕೂಗಲಿಲ್ಲ. ತೊಳೆದಿದ್ದಾರಲ್ಲ, ಏನೂ ಆಗಲಿಕ್ಕಿಲ್ಲ ಅಂದುಕೊಂಡಳು. ಅಂದುಕೊಳ್ಳುವಾಗಲೇ ಅದು ಸುಳ್ಳು ಎಂದು ಗೊತ್ತಿತ್ತು. ತಗಡು ಹಿಡಿದುಕೊಂಡು ನಿಂತೇ ಇದ್ದಳು.

ಅದಾಗಿ ಇವತ್ತಿಗೆ ಎಂಟು ದಿನ. ಮೂರನೇ ದಿನದಿಂದ ಒಂದೊಂದೇ ಮಗು ಮಲಗಿತು. ಆಸ್ಪತ್ರೆಯವರು ಈಗ ತೋಟ ನೋಡಬೇಕು ಎಂದಿದ್ದಾರೆ, ನಾಳೆ ಬರುತ್ತಾರೆ. ಅದಕ್ಕೇ ಈ ಕಾಗದ.

"ಕೂತ್ಕೋ," ಅಂದರು ದೊಡ್ಡಕ್ಕ. ಅವರ ಕಣ್ಣು ಊದಿತ್ತು. ಅತ್ತಿದ್ದರು. ಅದೇನೂ ನಾಟಕವಲ್ಲ. "ನಿನ್ನನ್ನ ಯಾರೂ ಏನೂ ಮಾಡಲ್ಲ. ಓದು ಬರಹ ಇಲ್ಲದವಳು, ತಿಳೀದೆ ಮಾಡಿದ್ಲು ಅಂತ ಬಿಟ್ಟುಬಿಡ್ತಾರೆ. ಆದ್ರೆ ನನ್ನ ಮೇಲೆ ಬಂದ್ರೆ ತೋಟ ಮುಚ್ಚಿಹೋಗುತ್ತೆ. ನಲವತ್ತು ಜನ ಬೀದಿಗೆ ಬೀಳ್ತಾರೆ. ನೀನೇ ಹೇಳು, ನಲವತ್ತು ಮನೆ."

"ಒತ್ತಿಬಿಡಿ ಅತ್ತೆ," ಅಂದಳು ಸೊಸೆ. ಅತ್ತೆಯ ಮುಖ ನೋಡಿ ಹೇಳಲಿಲ್ಲ. ಮೇಜು ನೋಡಿ ಹೇಳಿದಳು.

ಗುಂಡಿಯಮ್ಮ ಕೇಳಿದಳು. "ಗುಂಡೀಲಿ ಏನಿತ್ತು ಅಂತ ಅದರಲ್ಲಿ ಬರೆದಿದೆಯಾ?"

ಸೊಸೆ ಮತ್ತೆ ನೋಡಿದಳು. "ಗೊಬ್ಬರ ಅಂತ ಇದೆ."

"ಯಾವ ಗೊಬ್ಬರ?"

"ಬರೀ ಗೊಬ್ಬರ ಅಂತಿದೆ ಅತ್ತೆ."

"ಆಸ್ಪತ್ರೆಗೆ ಏನಂತ ಹೇಳಿದ್ದೀರಿ, ಮೇಷ್ಟ್ರೇ?"

ಮೇಷ್ಟ್ರು ಒಳ್ಳೆಯ ಮನುಷ್ಯರು. ಹಾಜರಿ ಬರೆಯುವಾಗ ಹೇಗಿದ್ದೀಯಮ್ಮ ಎಂದು ಕೇಳುವವರು. ಒಳ್ಳೆಯವರಾಗಿ ಏನು ಉಪಯೋಗ, ಬೆನ್ನುಮೂಳೆ ಇಲ್ಲದ ಮೇಲೆ. ಅವರು ಕನ್ನಡಕ ತೆಗೆದು ಒರೆಸಿದರು. "ಟ್ಯಾಂಕರ್ ನೀರು ಕೆಟ್ಟಿತ್ತೇನೋ ಅಂತ ಹೇಳಿದ್ದೀವಿ."

"ಮಕ್ಕಳು ಹೇಲು ತಿಂದು ಮಲಗಿವೆ. ಡಾಕ್ಟ್ರಿಗೆ ನೀವು ನೀರು ಅಂತೀರಿ."

"ಆ ಮಾತು ಇಲ್ಲಿ ಬೇಡ," ಅಂದರು ದೊಡ್ಡಕ್ಕ.

"ಬೇರೆ ಯಾವ ಮಾತಿದೆ ಅಕ್ಕಾವ್ರೇ ಅದಕ್ಕೆ? ಹತ್ತು ವರ್ಷ ನಾನು ಹೊತ್ತಿದ್ದು ಏನು? ಡಾಕ್ಟ್ರಿಗೆ ಗೊತ್ತಾಗದೆ ಅವರು ಯಾವುದಕ್ಕೆ ಅಂತ ಔಷಧಿ ಕೊಡ್ತಾರೆ?"

"ನಾಳೆ ನಾವೇ ಹೇಳ್ತೀವಿ. ಮೊದಲು ಇದಾಗ್ಲಿ."

ನಾಳೆ. ಆ ಮಗುವಿಗೆ ಮೂತ್ರ ನಿಂತು ಒಂದು ದಿನವಾಗಿತ್ತು. ಇವರಿಗೆ ನಾಳೆ ಇತ್ತು. ಗುಂಡಿಯಮ್ಮನಿಗೆ ಸಿಟ್ಟು ಬಂತು. ಅದರಲ್ಲಿ ಅರ್ಧ ತನ್ನ ಮೇಲೆಯೇ.

"ಹೀಗೆ ಮಾಡಿ," ಅಂದಳು. "ಬಟ್ಟೆ ಕಟ್ಟಿದ್ದು ನಾನು ಅಂತ ಬರೀರಿ. ಅದು ನಿಜ. ಕಟ್ಟು ಅಂದಿದ್ದು ನೀವು ಅಂತ ಬರೀರಿ. ಒಳಗೆ ನಾಲ್ಕು ತಿಂಗಳ ಹೇಲು ಇತ್ತು, ಇಬ್ಬರಿಗೂ ಗೊತ್ತಿತ್ತು ಅಂತ ಬರೀರಿ. ಬರೆದು ಈಗಲೇ ಆಸ್ಪತ್ರೆಗೆ ಕಳಿಸಿ. ನಾನು ಹೆಬ್ಬೆಟ್ಟಲ್ಲ, ಹತ್ತು ಬೆರಳೂ ಒತ್ತುತೀನಿ."

ಮೇಷ್ಟ್ರು ಪೆನ್ನಿನ ಟೋಪಿ ತೆಗೆದರು. ದೊಡ್ಡಕ್ಕನ ಮುಖ ನೋಡಿದರು. ಟೋಪಿ ಹಾಕಿದರು.

"ಹಿಡೀರಿ ಮೇಷ್ಟ್ರೇ," ಅಂದರು ದೊಡ್ಡಕ್ಕ. ದನಿ ಬಹಳ ಮೆತ್ತಗಿತ್ತು. "ಗಾಬರೀಲಿ ಏನೇನೋ ಮಾತಾಡ್ತಿದ್ದಾಳೆ. ಒತ್ತಿಸಿಬಿಡಿ."

ಮೇಷ್ಟ್ರು ಎದ್ದು ಬಂದು ಗುಂಡಿಯಮ್ಮನ ಮಣಿಕಟ್ಟು ಹಿಡಿದರು. ಹತ್ತು ವರ್ಷದಲ್ಲಿ ಆ ಆಫೀಸಿನವರು ಯಾರೂ ಅವಳ ಕೈ ಮುಟ್ಟಿರಲಿಲ್ಲ. ಕೂಲಿ ಕೊಡುವಾಗ ಮೇಜಿನ ಮೇಲೆ ಇಡುತ್ತಿದ್ದರು, ಅವಳು ಎತ್ತಿಕೊಳ್ಳುತ್ತಿದ್ದಳು. ಇವತ್ತು ಮುಟ್ಟಿದರು. ಹೆಬ್ಬೆರಳನ್ನು ಬಿಡಿಸಿ ಮಸಿಯ ಕಡೆಗೆ ಎಳೆದರು. ಅವಳು ಮುಷ್ಟಿ ಕಟ್ಟಿದಳು. ಡ್ರಮ್ಮು ಎತ್ತಿದ ಕೈ ಅದು. ಮೇಷ್ಟ್ರಿಗೆ ಬಿಡಿಸಲಾಗಲಿಲ್ಲ. ಅವರ ಬೆವರು ಅವಳ ಕೈಗೆ ತಾಗಿತು. ಅವಳಿಗೆ ಅಸಹ್ಯವಾಯಿತು. ಜಾಡಿಸಿದಳು. ಮೇಷ್ಟ್ರು ಕುರ್ಚಿಗೆ ಬಡಿದು ನಿಂತರು. ಮಸಿಯ ಡಬ್ಬಿ ಕೆಳಗೆ ಬಿತ್ತು.

"ಒತ್ತಲ್ಲ," ಅಂದಳು.

"ಹೊರಗೆ ಹೋದ್ರೆ ವಾಪಸ್ ಬರಬೇಡ," ಅಂದರು ದೊಡ್ಡಕ್ಕ. "ಸಂಸ್ಥೆ ನಿಮಗೆ ಇರೋಕೆ ಕೊಟ್ಟ ಕೋಣೆ ಖಾಲಿ ಮಾಡ್ಬೇಕಾಗುತ್ತೆ. ನಿನ್ನ ಸೊಸೆಗೂ ಇಲ್ಲಿ ಕೆಲಸ ಇರಲ್ಲ."

ಸೊಸೆ ಜಗುಲಿಯವರೆಗೆ ಹಿಂದೆ ಬಂದಳು. ಬಿಳಿ ಟೋಪಿ ಕೈಯಲ್ಲಿ ಹಿಂಡಿಹೋಗಿತ್ತು. "ಅತ್ತೆ, ನಾನು ಡ್ರಮ್ಮು ಎತ್ತಲ್ಲ. ಬುಟ್ಟಿ ಹೊರಲ್ಲ. ಸತ್ತರೂ ಹೊರಲ್ಲ."

"ಹೊರಬೇಡ."

"ಮತ್ತೆ ಏನು ತಿನ್ನೋದು? ಎಲ್ಲಿ ಮಲಗೋದು? ಹೇಳಿ ಹೋಗಿ."

ಅದು ತಿಳಿದಿದ್ದರೆ ಗುಂಡಿಯಮ್ಮ ಆ ಬಿಳಿ ಬಟ್ಟೆ ಯಾಕೆ ಕಟ್ಟುತ್ತಿದ್ದಳು? ಸೊಸೆಯ ತಲೆ ಸವರಲು ಕೈ ಎತ್ತಿದಳು. ಸೊಸೆ ಹಿಂದೆ ಸರಿದಳು. ಆಮೇಲೆ ಟೋಪಿ ತಲೆಗೆ ಹಾಕಿಕೊಂಡು ಪ್ಯಾಕಿಂಗ್ ಕೋಣೆಗೆ ಹೋದಳು. ಕೆಲಸದ ಹೊತ್ತು ಇನ್ನೂ ಮುಗಿದಿರಲಿಲ್ಲ.

ಹತ್ತಿರದ ಗೇಟು ಮುಂದಿನದು. ಗುಂಡಿಯಮ್ಮ ಅದರ ಕಡೆಗೇ ನಡೆದಳು. ಸುದ್ದಿ ಅವಳಿಗಿಂತ ಮೊದಲು ಅಲ್ಲಿಗೆ ಹೋಗಿತ್ತು. ಪಾತಿಯ ಹೆಂಗಸರು ಹತ್ತು ಹನ್ನೆರಡು ಜನ ಗುದ್ದಲಿ ಹಿಡಿದೇ ದಾರಿಗೆ ಅಡ್ಡ ನಿಂತಿದ್ದರು. ಅವರಲ್ಲಿ ಹಿರಿಯವಳು ಕೇಳಿದಳು. "ಎಲ್ಲಿಗೆ ಹೊರಟೆ?"

"ಆಸ್ಪತ್ರೆಗೆ."

"ನಮ್ಮ ಹೊಟ್ಟೆ ಮೇಲೆ ಹೊಡೀಬೇಡ ಕಣೇ. ನನಗೆ ಮೂರು ಹೆಣ್ಣುಮಕ್ಕಳು."

"ಗೊತ್ತು."

"ಗೊತ್ತಿದ್ದೂ ಹೋಗ್ತೀಯಾ?"

"ಗೊತ್ತಿದ್ದೂ ಒಂದು ಸಲ ಸುಮ್ಮನಿದ್ದೆ. ಅದರಿಂದಲೇ ಇಷ್ಟಾಗಿದ್ದು. ದಾರಿ ಬಿಡಿ."

ಯಾರೂ ಬಿಡಲಿಲ್ಲ. ಅವಳು ನಡುವೆ ನುಗ್ಗಿದಳು. ಆಗ ಅವರೇ ಎರಡು ಕಡೆಗೆ ಸರಿದರು, ಮೈ ತಾಗಬಾರದು ಎಂದು. ಅಷ್ಟು ವರ್ಷ ಅವಳನ್ನು ಸುಟ್ಟ ಆ ಅಭ್ಯಾಸ ಇವತ್ತು ದಾರಿ ಮಾಡಿಕೊಟ್ಟಿತು. ಹಿಂದಿನಿಂದ ಯಾರೋ ಉಗಿದರು. ಬೂಟಿನ ಮೇಲೆ ಬಿತ್ತು. ಅವಳು ತಿರುಗಿ ನೋಡಲಿಲ್ಲ. ಅವರ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಅಳು ಬಂತು. ಒರೆಸಿಕೊಳ್ಳುತ್ತಾ ನಡೆದಳು.

ಆಸ್ಪತ್ರೆ ಒಂದು ಗಂಟೆಯ ದಾರಿ. ಬಿಸಿಲು. ರಬ್ಬರ್ ಬೂಟಿನೊಳಗೆ ಕಾಲು ಬೆಂದಿತು. ಆಸ್ಪತ್ರೆಯ ಕಾವಲುಗಾರ ಅವಳನ್ನು ದೂರದಿಂದಲೇ ನೋಡಿ ಕೈ ಅಡ್ಡ ಹಿಡಿದ.

"ಏನು?"

"ಮಕ್ಕಳ ಡಾಕ್ಟ್ರನ್ನ ನೋಡ್ಬೇಕು."

"ಚೀಟಿ?"

"ನಾನು ರೋಗಿ ಅಲ್ಲ. ಒಂದು ಮಾತು ಹೇಳ್ಬೇಕು."

"ಮಾತು ಹೇಳೋಕೆ ಇದೇನು ಅರಳಿಕಟ್ಟೆನಾ? ಸ್ನಾನ ಮಾಡಿ ಬಾ ಹೋಗು."

ಅವಳು ಬೇಡಿಕೊಂಡಳು. ಕೈ ಮುಗಿದಳು. ಅವನು ಕುರ್ಚಿಯನ್ನು ಎರಡು ಅಡಿ ಹಿಂದಕ್ಕೆ ಸರಿಸಿ ಕೂತ. ನೆಲ ಒರೆಸುವ ಹೆಂಗಸೊಬ್ಬಳು ಬಕೆಟ್ಟು ಹಿಡಿದು ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಬೂಟು ನೋಡಿದಳು, ಕೈ ನೋಡಿದಳು. ಕಣ್ಣಿನಲ್ಲೇ ಸನ್ನೆ ಮಾಡಿದಳು. ಗುಂಡಿಯಮ್ಮ ಕಟ್ಟಡ ಸುತ್ತಿ ಹೋದಳು. ಕೊಳೆ ಬಟ್ಟೆ ಹೊರಗೆ ಹೋಗುವ ಬಾಗಿಲು ತೆರೆದಿತ್ತು.

"ಯಾವ ಮಗು ನಿಂದು?" ಕೇಳಿದಳು ಒರೆಸುವವಳು.

"ಒಂದೂ ಅಲ್ಲ. ಹತ್ತೊಂಬತ್ತೂ."

ಅವಳು ಮತ್ತೇನೂ ಕೇಳಲಿಲ್ಲ. ಮುಂದೆ ನಡೆದು ದಾರಿ ತೋರಿಸಿದಳು.

ಡಾಕ್ಟರ್ ಚಿಕ್ಕ ವಯಸ್ಸಿನ ಹುಡುಗಿ. ಎಷ್ಟು ದಿನದಿಂದ ನಿದ್ದೆ ಇಲ್ಲವೋ, ನಿಂತಲ್ಲೇ ತೂಗುತ್ತಿದ್ದಳು. ಬರೆಯುತ್ತಲೇ ಕೇಳಿದಳು. "ಏನಮ್ಮ?"

"ಮಕ್ಕಳು ತಿಂದ ಮೂಲಂಗಿಗೆ ಮನುಷ್ಯರ ಹೇಲು ಹಾಕಿದ್ವಿ. ಹಸೀದು. ನಾನೇ ಆ ಗುಂಡಿ ನೋಡ್ಕೊಳ್ಳೋಳು."

ಪೆನ್ನು ನಿಂತಿತು. ಡಾಕ್ಟರ್ ತಲೆ ಎತ್ತಿದಳು. "ಎಷ್ಟು ದಿನದ್ದು?"

"ನಾಲ್ಕು ತಿಂಗಳು. ವರ್ಷ ಆಗ್ಬೇಕಿತ್ತು."

"ಎಷ್ಟು ಜನರ ಕಕ್ಕಸಿಂದು?"

"ಇನ್ನೂರು ಇನ್ನೂರೈವತ್ತು. ಓಣಿಯವರದ್ದೂ ಇದೆ."

"ಆ ಓಣೀಲಿ ಯಾರಿಗಾದ್ರೂ ಭೇದಿ ಇತ್ತಾ, ಗುಂಡಿ ತುಂಬೋ ಹೊತ್ತಿಗೆ?"

"ಇತ್ತು. ಆ ತಿಂಗಳು ಡ್ರಮ್ಮೆಲ್ಲ ನೀರಾಗಿತ್ತು. ರಕ್ತ ಇತ್ತು. ನಾನು ನೋಡಿದ್ದೆ."

"ಮೂಲಂಗಿ ತೊಳೆದಿದ್ರಾ?"

"ಎಲ್ಲರಿಗೂ ಒಂದೇ ಬಕೆಟ್ಟು."

ಡಾಕ್ಟರ್ ಒಂದೊಂದನ್ನೂ ಕೇಳಿದಳು. ಗುಂಡಿಯಮ್ಮ ಒಂದೊಂದಕ್ಕೂ ಉತ್ತರ ಹೇಳಿದಳು. ಓದಿದವರೊಬ್ಬರು ಅವಳಿಗೆ ಗೊತ್ತಿರುವುದನ್ನು ಕೇಳಿದ್ದು ಅವಳ ಜೀವಮಾನದಲ್ಲಿ ಅದೇ ಮೊದಲು. ಅವಳಿಗೆ ಎಲ್ಲ ಗೊತ್ತಿತ್ತು.

"ಆ ಪಾತೀಲಿ ಉಳಿದದ್ದು ಏನು ಮಾಡಿದ್ರಿ?"

"ಡಬ್ಬಕ್ಕೆ ತುಂಬಿ ಪೇಟೆಗೆ ಕಳಿಸ್ತಾರೆ. ಇವತ್ತು ಬೆಳಿಗ್ಗೆನೂ ಹೋಯ್ತು. ನನ್ನ ಸೊಸೆನೇ ತುಂಬೋದು."

ಡಾಕ್ಟರ್ ಒಂದು ಕ್ಷಣ ಕಣ್ಣು ಮುಚ್ಚಿದಳು. "ಇದನ್ನ ಐದು ದಿನ ಮೊದಲೇ ಹೇಳಿದ್ರೆ," ಅಂದವಳು ಮಾತು ಮುಗಿಸಲಿಲ್ಲ. ಫೋನು ಎತ್ತಿಕೊಂಡಳು. ದೊಡ್ಡ ಆಸ್ಪತ್ರೆಯವರ ಜೊತೆ ಜೋರಾಗಿ ಮಾತಾಡಿದಳು. ಒಂದು ಮಗುವಿನ ಮೂತ್ರಪಿಂಡ ಕೈಕೊಡುತ್ತಿದೆ, ಈಗಲೇ ಗಾಡಿ ಬೇಕು ಅಂದಳು. ನರ್ಸನ್ನು ಕರೆದು ಯಾವುದೋ ಔಷಧಿ ನಿಲ್ಲಿಸಲು ಹೇಳಿದಳು. ಗುಂಡಿಯಮ್ಮನಿಗೆ ಯಾರೂ ಒಳ್ಳೆಯದು ಮಾಡಿದೆ ಅನ್ನಲಿಲ್ಲ. ಅನ್ನುವಂಥದ್ದು ಅವಳು ಏನೂ ಮಾಡಿರಲಿಲ್ಲ.

ಹೊರಗಿನ ಉದ್ದ ಕೋಣೆಯಲ್ಲಿ ತಾಯಂದಿರು ನೆಲದ ಮೇಲೆ ಕೂತಿದ್ದರು. ಟೈಲರಮ್ಮ ಗೋಡೆಗೆ ಒರಗಿದ್ದಳು. ಕೊರಳಲ್ಲಿ ಅಳತೆ ಟೇಪು ಇನ್ನೂ ನೇತಾಡುತ್ತಿತ್ತು. ಮಗಳನ್ನು ಎತ್ತಿಕೊಂಡು ಓಡಿ ಬಂದಾಗ ಇದ್ದದ್ದು, ತೆಗೆಯಲು ನೆನಪಾಗಿರಲಿಲ್ಲ. ಬಾಗಿಲು ತೆರೆದೇ ಇತ್ತು. ಅವಳು ಒಳಗಿನ ಮಾತೆಲ್ಲ ಕೇಳಿದ್ದಳು. ಎದ್ದು ಬಂದು ಗುಂಡಿಯಮ್ಮನ ಎದುರು ನಿಂತಳು.

"ನಿನಗೆ ಗೊತ್ತಿತ್ತಾ?"

ಎಷ್ಟೋ ಹೇಳಬಹುದಿತ್ತು. ಅವರು ಮಾಡಿಸಿದರು, ಆಸೆ ತೋರಿಸಿದರು, ನಾನು ಬಡವಿ, ನನ್ನ ಸೊಸೆ. ಎಲ್ಲವೂ ನಿಜ.

"ಗೊತ್ತಿತ್ತು," ಅಂದಳು ಗುಂಡಿಯಮ್ಮ.

ಟೈಲರಮ್ಮ ಹೊಡೆದಳು. ಒಂದು ಕೆನ್ನೆಗೆ, ಆಮೇಲೆ ಇನ್ನೊಂದಕ್ಕೆ. ಮೂರನೆಯ ಏಟು ಕಿವಿಗೆ ಬಿತ್ತು. ಗುಂಡಿಯಮ್ಮ ಕೈ ಅಡ್ಡ ತರಲಿಲ್ಲ. ಗೋಡೆಗೆ ತಾಗಿ ಕೆಳಗೆ ಕುಸಿದಳು. ಕಿವಿ ಗುಯ್ ಅನ್ನುತ್ತಿತ್ತು. ಯಾರೂ ಬಿಡಿಸಲು ಬರಲಿಲ್ಲ.

ಅಷ್ಟರಲ್ಲಿ ಹೊರಗೆ ಜೀಪು ನಿಂತಿತು. ದೊಡ್ಡಕ್ಕ ಮುಂದಿನ ಬಾಗಿಲಿನಿಂದ ಬಂದರು. ಕಾವಲುಗಾರ ಎದ್ದು ನಿಂತ. ಹಿಂದೆ ಮೇಷ್ಟ್ರು ಎರಡು ಚೀಲ ಹಣ್ಣು ಹೊತ್ತಿದ್ದರು. ಕೆಳಗೆ ಬಿದ್ದವಳನ್ನೂ ಮೇಲೆ ನಿಂತವಳನ್ನೂ ನೋಡಿ ದೊಡ್ಡಕ್ಕನಿಗೆ ಎಲ್ಲ ತಿಳಿಯಿತು. ಟೈಲರಮ್ಮನ ಭುಜದ ಮೇಲೆ ಕೈ ಇಟ್ಟರು.

"ಅವಳ ಮಾತು ಮನಸ್ಸಿಗೆ ಹಚ್ಕೋಬೇಡಮ್ಮ. ಪಾಪ, ಅವಳಿಗೆ ತಲೆ ಕೆಟ್ಟಿದೆ. ಕೆಲಸದಲ್ಲಿ ಏನೋ ತಪ್ಪು ಮಾಡ್ಕೊಂಡಿದ್ದಾಳೆ, ಅದನ್ನ ನಮ್ಮ ಮೇಲೆ ಹಾಕ್ತಿದ್ದಾಳೆ."

ಟೈಲರಮ್ಮ ಅವರ ಕಡೆಗೆ ತಿರುಗಿದಳು. "ನಿಮಗೆ ಗೊತ್ತಿತ್ತಾ?"

"ನೋಡಮ್ಮ, ಈಗ ಯಾರ ತಪ್ಪು ಅನ್ನೋ ಹೊತ್ತಲ್ಲ. ಮೊದಲು ಮಕ್ಕಳು..."

"ಗೊತ್ತಿತ್ತಾ, ಇಲ್ವಾ?"

"ನಾವೆಲ್ಲ ಒಂದೇ ಮನೆಯವರ ಹಾಗೆ. ನಿನ್ನ ಮಗಳು ನನಗೂ ಮಗಳೇ. ಎಷ್ಟು ಖರ್ಚಾದ್ರೂ ಸಂಸ್ಥೆ..."

ಟೈಲರಮ್ಮ ಭುಜದ ಮೇಲಿನ ಕೈಯನ್ನು ಎರಡು ಬೆರಳಿನಲ್ಲಿ ಹಿಡಿದು ತೆಗೆದಳು. ಬಟ್ಟೆಗೆ ಹತ್ತಿದ ದಾರ ತೆಗೆಯುವ ಹಾಗೆ. ನೆಲದ ಮೇಲಿದ್ದ ತಾಯಂದಿರು ಒಬ್ಬೊಬ್ಬರೇ ಎದ್ದು ಹತ್ತಿರ ಬಂದರು. ಮೇಷ್ಟ್ರು ಹಣ್ಣಿನ ಚೀಲ ಎಲ್ಲಿಡುವುದು ತಿಳಿಯದೆ ಹಿಡಿದೇ ನಿಂತರು.

ಟೈಲರಮ್ಮ ಬಾಗಿ ಗುಂಡಿಯಮ್ಮನ ರಟ್ಟೆಗೆ ಕೈ ಹಾಕಿ ಎಬ್ಬಿಸಿದಳು. ಮೆಲ್ಲಗೇನಲ್ಲ. ಉಗುರು ನಾಟುವ ಹಾಗೆ ಹಿಡಿದಿದ್ದಳು.

"ನನ್ನ ಮಗೂಗೆ ಏನಾದ್ರೂ ಆದ್ರೆ ನಿನ್ನನ್ನ ನಾನು ಬಿಡಲ್ಲ."

"ಬಿಡಬೇಡ."

"ಅದು ಆಮೇಲೆ. ಗಾಡಿ ಬರೋಕೆ ಅರ್ಧ ಗಂಟೆ ಆಗುತ್ತಂತೆ. ನಾನು ಹೊರಡೋದ್ರೊಳಗೆ ಇವರೆದುರಿಗೇ ಹೇಳು. ಎಲ್ಲರಿಗೂ ಕೇಳೋ ಹಾಗೆ ಹೇಳು. ಒಂದನ್ನೂ ಬಿಡಬೇಡ."

ಗುಂಡಿಯಮ್ಮ ತುಟಿಯ ರಕ್ತ ಒರೆಸಿಕೊಂಡಳು. ಹತ್ತೊಂಬತ್ತು ಮನೆಯವರು ಅವಳ ಬಾಯಿಯನ್ನೇ ನೋಡುತ್ತಿದ್ದರು. ದೊಡ್ಡಕ್ಕನೂ ನೋಡುತ್ತಿದ್ದರು. ಅವಳು ತನ್ನ ತಪ್ಪಿನಿಂದಲೇ ಶುರು ಮಾಡಿದಳು.